ಬಾಯ್ತುಂಬಿದ ಮೀನಿನ ಸಾಕ್ಷಿ

"ಬರ್ಕೋ ನ್ಯಾಚವುಲಾ," ಎಂದ ಮಾಟೆಯು ತಾತ. "ಡಾಕ್ಟರನ್ನ ಕೊಂದೋನು ನಾನು."

ಮೀನುಮನೆಯ ತಗಡಿನ ಮಾಡು ಗಾಳಿಗೆ ಬಡಬಡನೆ ಬಡಿದುಕೊಳ್ಳುತ್ತಿತ್ತು. ಕೇಳಿಸಿಕೊಂಡದ್ದು ಸರಿಯೇ ಎಂದು ಸಬ್ ಇನ್ಸ್‌ಪೆಕ್ಟರ್ ಎತಿನಾ ಚವುಲಾ ಇನ್ನೊಮ್ಮೆ ಕೇಳಬೇಕಾಯಿತು. ಚವುಲಾ ಮನೆಯ ಮಗಳೆಂದು ಅವಳನ್ನು ಇಲ್ಲಿ ನ್ಯಾಚವುಲಾ ಎನ್ನುತ್ತಿದ್ದರು. ತಾತ ಎರಡನೇ ಸಲವೂ ಅದೇ ಮಾತನ್ನು ಅದೇ ದನಿಯಲ್ಲಿ, ಬಲೆ ಒಣಗಿಸಿ ಬಂದೆ ಎನ್ನುವ ಹಾಗೆ ಹೇಳಿದ.

ಚಹಾ ತಂದ ತಾತನ ತಂಗಿ ನ್ಯಾಲೊಂಗ್ವೆ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಲೋಟಗಳನ್ನು ಒಂದೊಂದಾಗಿ ನೆಲಕ್ಕಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಅಣ್ಣನ ಮುಖ ನೋಡಲಿಲ್ಲ. ತನ್ನ ಕೈಗಳನ್ನೇ ನೋಡಿಕೊಂಡಳು.

ಎತಿನಾ ಕಾಗದ ಎಳೆದುಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು. ಐದು ದಿನದಿಂದ ಕಾದಿದ್ದ ಮಾತು ಸಿಕ್ಕಿತ್ತು. ಸಿಕ್ಕಬಾರದವನ ಬಾಯಿಂದ ಸಿಕ್ಕಿತ್ತು.

ಹದಿನೈದು ದಿನದ ಹಿಂದೆ, ಒಂದು ಗುರುವಾರದ ಸಂಜೆ, ಮೀನಿನ ಸಂಶೋಧಕರಾಗಿದ್ದ ಡಾಕ್ಟರ್ ಕಲುವಾ ಅವರು ಲುಂಡೆ ಬಂಡೆಯ ಬುಡದಲ್ಲಿ, ಉಸಿರಿನ ನಳಿಗೆ ಬಾಯಿಂದ ಕಳಚಿ, ಸತ್ತು ಸಿಕ್ಕಿದ್ದರು. ಹಿಡಿದ ಮೀನು ತುಂಬುವ ಡ್ರಮ್ಮು ಇನ್ನೂ ಸೊಂಟದ ಹಗ್ಗದಲ್ಲಿತ್ತು; ಒಳಗೆ ಮೂರು ಗಂಡು, ಒಂದು ಹೆಣ್ಣು. ಅವತ್ತು ಲುಂಡೆಯಲ್ಲಿ ದೋಣಿ ಇದ್ದದ್ದು ಯೊಟಾಮು ಒಬ್ಬನದೇ. ಹಿಂದಿನ ವಾರ ಡಾಕ್ಟರ ಜೊತೆ ಜಗಳ ಆಡಿದ್ದವನೂ ಅವನೇ. ಪೊಲೀಸರು ಅವನನ್ನು ಎಳೆದೊಯ್ದಿದ್ದರು. ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದ ದೊಡ್ಡ ಜೈಲು. ಯೊಟಾಮುವಿಗೆ ಮೊದಲೇ ಎದೆಯ ರೋಗ. ದೊಡ್ಡ ಜೈಲಿಗೆ ಹೋದ ಅಂಥವರು ವಿಚಾರಣೆಯ ದಿನದವರೆಗೆ ಉಳಿಯುವುದು ಅಪರೂಪ ಎನ್ನುವುದು ಎತಿನಾಳಿಗೆ ಕೆಲಸದಿಂದ ಗೊತ್ತಿತ್ತು. ನ್ಯಾಲೊಂಗ್ವೆಗೆ ಹೇಗೋ ಗೊತ್ತಾಗಿತ್ತು. ಯೊಟಾಮು ಅವಳ ಒಬ್ಬನೇ ಮಗ. ಮಾಟೆಯು ತಾತ ಅವನ ಸೋದರಮಾವ.

ಇವತ್ತು ಶುಕ್ರವಾರ. ಮ್ವೇರಾ ಗಾಳಿ ಎದ್ದು ಮೂರನೇ ದಿನ. ತೆಂಕಣದಿಂದ ಅದು ಬೀಸಿತೆಂದರೆ ಸರೋವರ ಉತ್ತ ಹೊಲದ ಹಾಗೆ ಮಗುಚಿಕೊಳ್ಳುತ್ತದೆ. ಚಿಸಾಲು ದ್ವೀಪದ ಒಂದೇ ಎಂಜಿನ್ ದೋಣಿಯನ್ನು ಮರಳ ಮೇಲೆಳೆದು ಬಂಡೆಗೆ ಕಟ್ಟಿದ್ದರು. ದ್ವೀಪವೆಂದರೆ ಡಾಕ್ಟರ ಮೀನು ಸಂಶೋಧನಾ ಕೇಂದ್ರ, ಅಷ್ಟೇ: ಎರಡು ಕೋಣೆ, ಒಂದು ಅಡುಗೆಯ ಚಪ್ಪರ, ಈ ಮೀನುಮನೆ. ಇದ್ದವರು ನಾಲ್ಕು ಜನ: ಎತಿನಾ, ಹಳೇ ಮುಳುಗಾಳಾದ ತಾತ, ಅಡುಗೆಯ ನ್ಯಾಲೊಂಗ್ವೆ, ಡಾಕ್ಟರ ಸಹಾಯಕ ಗೊಂಡ್ವೆ. ಗಾಳಿ ಇಳಿಯುವ ತನಕ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಮೂರು ದಿನದಿಂದ ಕೊಲೆಗಾರನೊಬ್ಬನ ಜೊತೆ ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುತ್ತಿದ್ದೇನೆ ಎಂದು ಎತಿನಾಳಿಗೆ ಗೊತ್ತಿತ್ತು. ಅದು ಯಾರು ಎನ್ನುವುದೊಂದು ಬಾಕಿಯಿತ್ತು.

"ಮೊದಲಿಂದ ಹೇಳು ತಾತಾ," ಎಂದಳು.

ತಾತ ಹೇಳಿದ. ಡಾಕ್ಟರು ಅವತ್ತು ಇಳಿದದ್ದು ಲುಂಡೆಯಲ್ಲಿ ಅಲ್ಲ, ಚಿಂಬೊ ಬಂಡೆಯಲ್ಲಿ. ಗಾಳಿಯಂತ್ರ ನಡೆಸುತ್ತ ಮೇಲೆ ದೋಣಿಯಲ್ಲಿ ಕುಳಿತಿದ್ದವನು ತಾನು. ನಳಿಗೆಯನ್ನು ಎರಡು ಮಡಿಕೆ ಮಾಡಿ ಮೊಣಕಾಲಿನಡಿ ಒತ್ತಿ ಹಿಡಿದೆ. ಆಮೇಲೆ ಹೆಣವನ್ನು ಲುಂಡೆಗೆ ತಂದು ಬಿಟ್ಟೆ.

"ಯಾಕೆ?"

"ಚಿಂಬೊ ಮುಚ್ಚಿಸ್ತೀನಿ ಅಂದ್ರು. ಅಲ್ಲಿ ಇನ್ಮುಂದೆ ಒಂದು ಮೀನೂ ಹಿಡಿಯೋ ಹಾಗಿಲ್ಲ ಅಂದ್ರು. ನಮ್ಮಪ್ಪ ಮುಳುಗಿದ ಬಂಡೆ ಅದು."

ಎತಿನಾ ಬರೆದುಕೊಂಡಳು. ಚಿಂಬೊ ಮುಚ್ಚಿಸುವ ಮಾತು ನಿಜವೇ. ಡಾಕ್ಟರ್ ಕಲುವಾ ಆರು ವರ್ಷ ಅದಕ್ಕೇ ದುಡಿದಿದ್ದರು. ಮ್ಬುನಾ ಎಂದರೆ ಬಂಡೆಯ ಮೀನು. ಹುಟ್ಟಿದ ಬಂಡೆಯಲ್ಲೇ ಬದುಕಿ ಅಲ್ಲೇ ಸಾಯುತ್ತದೆ. ಲುಂಡೆಗೂ ಚಿಂಬೊಗೂ ನಡುವೆ ಬರೀ ಮರಳಿನ ತಳ. ಆ ಬಯಲು ದಾಟುವ ಗುಂಡಿಗೆ ಮ್ಬುನಾಗಳಿಗಿಲ್ಲ. ಹಾಗೆ ಸಾವಿರಾರು ವರ್ಷ ತಂತಮ್ಮ ಬಂಡೆಗೆ ಅಂಟಿಕೊಂಡು ಎರಡು ಕಡೆಯವೂ ಬೇರೆಯಾದವು. ಲುಂಡೆಯ ಗಂಡಿಗೆ ನೀಲಿ ಮೈ, ಕಿತ್ತಳೆ ರೆಕ್ಕೆ. ಚಿಂಬೊದ ಗಂಡಿಗೆ ನೀಲಿ ಮೈಮೇಲೆ ಕಪ್ಪು ಪಟ್ಟೆ, ಬಿಳಿ ರೆಕ್ಕೆ. ಹೊರಗಿನ ಬಣ್ಣ ಮಾತ್ರವಲ್ಲ, ಅವುಗಳ ಕಣ್ಣೂ ಬೇರೆ, ಕಣ್ಣನ್ನು ರೂಪಿಸುವ ವಂಶವಾಹಿಯೇ ಬೇರೆ ಎಂದು ಡಾಕ್ಟರು ತೋರಿಸಿದ್ದರು. ಚಿಂಬೊದ ಮೀನು ಇಡೀ ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಜಾತಿ ಎಂದು ಒಪ್ಪಿಸಿದ ದಿನ ಆ ಬಂಡೆಗೆ ಯಾರೂ ಕೈ ಹಾಕುವಂತಿರಲಿಲ್ಲ. ಅಲ್ಲಿನ ಬಣ್ಣದ ಮೀನು ಹೊರದೇಶಕ್ಕೆ ಮಾರಾಟವಾಗುತ್ತಿತ್ತು. ಅದು ನಿಂತರೆ ಯಾರಿಗೆ ನಷ್ಟ ಎಂದು ಕೇಳಿದರೆ ಮಾತ್ರ ಈ ದ್ವೀಪದಲ್ಲಿ ಎಲ್ಲರೂ ಕೆಮ್ಮುತ್ತಿದ್ದರು.

"ಡ್ರಮ್ಮಿನ ಮೀನು?"

ತಾತ ಮೂಲೆಯ ಗಾಜಿನ ತೊಟ್ಟಿಯ ಕಡೆ ಮುಖ ತಿರುಗಿಸಿದ. ಅದರೊಳಗೆ ಡ್ರಮ್ಮಿನಿಂದ ತಂದು ಬಿಟ್ಟ ಒಂದೇ ಒಂದು ಹೆಣ್ಣು ಮೀನು, ಅಂಗೈ ಅಗಲದ್ದು, ಮಣ್ಣಿನ ಬಣ್ಣದ್ದು, ಕಲ್ಲಿನ ಸಂದಿಗೆ ಒತ್ತಿಕೊಂಡು ನಿಂತಿತ್ತು. ಅದರ ಗಂಟಲ ಚೀಲ ಉಬ್ಬಿತ್ತು. ಈ ಮೀನುಗಳು ಮೊಟ್ಟೆಯನ್ನು ಬಾಯೊಳಗೆ ಇಟ್ಟುಕೊಂಡು ಮರಿ ಮಾಡುತ್ತವೆ. ಮೂರು ವಾರ ಏನೂ ತಿನ್ನುವುದಿಲ್ಲ.

"ಗಂಡು ಮೂರೂ ಚಿಂಬೊದ್ದು. ಬಣ್ಣ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಅವನ್ನ ತೆಗೆದು ಬಿಸಾಕ್ದೆ. ಲುಂಡೆಯಲ್ಲಿ ಮೂರು ಗಂಡು ಹಿಡಿದು ಹಾಕ್ದೆ." ತಾತ ತೊಟ್ಟಿಯ ಕಡೆ ಬೆರಳು ತೋರಿಸಿದ. "ಇವಳು ಬಾಯ್ತುಂಬಿದವಳು. ಲುಂಡೆ ನೀರಿಗೆ ಬಿಟ್ರೆ ಮರಿಗಳು ಯಾರ ಮನೆಯವಾಗ್ತವೆ? ಬಿಡೋಕೆ ಕೈ ಬರ್ಲಿಲ್ಲ. ಡ್ರಮ್ಮಲ್ಲೇ ಬಿಟ್ಟೆ."

ಎತಿನಾಳ ಪೆನ್ನು ನಿಂತಿತು.

ಬಾಯ್ತುಂಬಿದ ಹೆಣ್ಣನ್ನು ಹಿಡಿದ ಬಂಡೆಗೇ ಬಿಡಬೇಕು, ಬೇರೆ ಬಂಡೆಯ ನೀರಿಗೆ ಬಿಡಬಾರದು. ಹಳೇ ಮುಳುಗಾಳುಗಳು ಹಸಿವಿನಲ್ಲೂ ಮುರಿಯದ ಕಟ್ಟಳೆ ಅದು. ಎತಿನಾಳ ಅಪ್ಪನೂ ಮುಳುಗಾಳಾಗಿದ್ದ. ಒಂದು ಹೆಣ್ಣನ್ನು ಹಿಂದಿರುಗಿಸಲು ಅರ್ಧ ದಿನ ಹುಟ್ಟು ಹಾಕಿಕೊಂಡು ಹೋಗಿದ್ದನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು.

ಈ ಕಟ್ಟಳೆಯಿಂದಲೇ ಅವಳು ದಾರಿ ಹಿಡಿದದ್ದು: ಬಾಯ್ತುಂಬಿದವಳನ್ನು ಬಂಡೆಗೆ ಬಿಡದೆ ಡ್ರಮ್ಮಿನಲ್ಲಿ ಉಳಿಸಿದ್ದು ಯಾಕೆ? ಮಂಗಳವಾರ, ಗಾಳಿ ಏಳುವ ಮುನ್ನ ಹೋದ ಕೊನೆಯ ದೋಣಿಯಲ್ಲಿ, ಈ ಹೆಣ್ಣಿನ ರೆಕ್ಕೆಯ ಚೂರೊಂದನ್ನು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕಳಿಸಿದ್ದಳು. ಹೆಣ್ಣುಗಳು ಎರಡೂ ಬಂಡೆಯಲ್ಲಿ ಒಂದೇ ಥರ ಇರುತ್ತವೆ. ಕಣ್ಣಿನಿಂದ ಬೇರ್ಪಡಿಸಲು ಯಾರಿಗೂ ಬರುವುದಿಲ್ಲ. ನಿನ್ನೆ ಉತ್ತರ ಬಂದಿತ್ತು: ಹೆಣ್ಣು ಚಿಂಬೊದ್ದು.

ಆ ಒಂದು ಸಾಲು ಇಡೀ ಮೊಕದ್ದಮೆಯನ್ನು ಬುಡಮೇಲು ಮಾಡಿತ್ತು. ಡ್ರಮ್ಮು ಡಾಕ್ಟರ ಸೊಂಟಕ್ಕೆ ಕಟ್ಟಿದ್ದ ಹಗ್ಗದಲ್ಲೇ ಇತ್ತು. ಅದರಲ್ಲಿ ಚಿಂಬೊದ ಹೆಣ್ಣು ಇದೆಯೆಂದರೆ ಡಾಕ್ಟರು ಇಳಿದದ್ದು ಚಿಂಬೊದಲ್ಲಿ. ಯೊಟಾಮು ಅವತ್ತು ಬೆಳಗಿನಿಂದ ಸಂಜೆಯವರೆಗೆ ಲುಂಡೆಯ ಆಸುಪಾಸಿನಲ್ಲೇ ದೋಣಿಯಲ್ಲಿದ್ದ; ದಡದಲ್ಲಿ ಉಸಿಪಾ ಎಂಬ ಸಣ್ಣ ಮೀನು ಒಣಗಿಸುವ ಹೆಂಗಸರು ತಾಸಿಗೊಮ್ಮೆಯಾದರೂ ಅವನನ್ನು ಕಂಡಿದ್ದರು. ಲುಂಡೆಯಿಂದ ಚಿಂಬೊಗೆ ಹುಟ್ಟು ಹಾಕಿದರೆ ಮೂರು ತಾಸು. ಸಾವು ಲುಂಡೆಯಲ್ಲಾಗಿದ್ದರೆ ಕೊಂದವನು ಯೊಟಾಮು. ಚಿಂಬೊದಲ್ಲಾಗಿದ್ದರೆ ಅವನಾಗಿರಲು ಸಾಧ್ಯವೇ ಇಲ್ಲ.

ಹೆಣ ಸಾಗಿಸಲು ಎಂಜಿನ್ ದೋಣಿ ಬೇಕು. ಆ ಗುರುವಾರ ದ್ವೀಪದ ದೋಣಿ ಎರಡು ಸಲ ಹೋಗಿ ಬಂದಿತ್ತು. ನಡೆಸಿದವನು ಯಾರು ಎಂದರೆ ತಾತ ಗೊಂಡ್ವೆಯ ಹೆಸರು ಹೇಳಿದ್ದ, ಗೊಂಡ್ವೆ ತಾತನ ಹೆಸರು ಹೇಳಿದ್ದ. ನ್ಯಾಲೊಂಗ್ವೆ ಅವತ್ತು ದಡದ ಸಂತೆಗೆ ಹೋಗಿದ್ದಳು. ನೋಡಿದವರು ಮೂರನೆಯವರು ಯಾರೂ ಇಲ್ಲ.

ಗೊಂಡ್ವೆ ಡಾಕ್ಟರ ಕೈಕೆಳಗಿನವನು. ಈಗ ಕೇಂದ್ರದ ಮೇಲ್ವಿಚಾರಕ. ಓದಿದವನು, ಇಸ್ತ್ರಿ ಮಾಡಿದ ಅಂಗಿಯವನು, ಈ ಗಾಳಿಯಲ್ಲೂ ತಲೆ ಬಾಚಿಕೊಂಡಿರುವವನು.

ನಿನ್ನೆ ಮಧ್ಯಾಹ್ನ ಮರಗೆಣಸಿನ ಮುದ್ದೆ ಮುರಿಯುತ್ತ ಕುಳಿತಾಗ ಎತಿನಾ ಒಂದು ತಪ್ಪು ಮಾಡಿದ್ದಳು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದನ್ನು ಬಾಯಿಬಿಟ್ಟು ಹೇಳಿದ್ದಳು. ಡ್ರಮ್ಮಿನ ಗಂಡುಗಳನ್ನು ಬದಲಾಯಿಸಿದವನು ಬಾಯ್ತುಂಬಿದವಳನ್ನು ಮಾತ್ರ ಯಾಕೆ ಉಳಿಸಿದ? ಕಟ್ಟಳೆ ಇದ್ದವನು ಮಾತ್ರ ಹಾಗೆ ಮಾಡುತ್ತಾನಲ್ಲವೇ?

ಗೊಂಡ್ವೆ ನಕ್ಕಿದ್ದ. "ನಾನಾಗಿದ್ರೆ ಡ್ರಮ್ಮನ್ನೇ ಮಗುಚಿ ಹಾಕ್ತಿದ್ದೆ ಮೇಡಂ. ಮೀನಿನ ಬಸುರಿ ಬಾಣಂತನ ನೋಡೋಕೆ ನಂಗೆ ಪುರಸೊತ್ತಿಲ್ಲ."

ತಾತ ತಲೆ ಎತ್ತಿರಲಿಲ್ಲ. ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ಅದ್ದಿ ಮೇಲೆತ್ತುತ್ತಿದ್ದ, ಬಾಯಿಗೆ ಇಡುತ್ತಿರಲಿಲ್ಲ.

ರಾತ್ರಿಯೆಲ್ಲ ಎತಿನಾಳಿಗೆ ಆ ತುತ್ತೇ ಕಣ್ಣಿಗೆ ಕಟ್ಟಿತ್ತು. ಇವತ್ತು ತಾತನನ್ನು ಮೀನುಮನೆಗೆ ಕರೆದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಒಪ್ಪಿಕೊಂಡಿದ್ದ.

ಅಳಿಯನಿಗೋಸ್ಕರ ಸೋದರಮಾವ ಸುಳ್ಳು ಹೇಳಬಹುದು ಎಂದು ಹೊಳೆಯದಷ್ಟು ಎಳಸಲ್ಲ ಅವಳು. ಆದರೆ ಮೀನು ಅಲ್ಲೇ ಇತ್ತಲ್ಲ, ತೊಟ್ಟಿಯಲ್ಲಿ, ಬಾಯಿ ಉಬ್ಬಿಸಿಕೊಂಡು. ತಾತನ ಮಾತಿಗೆ ಅದು ಹೌದು ಹೌದು ಎನ್ನುತ್ತಿತ್ತು.

"ಹೆಬ್ಬೆಟ್ಟು ಒತ್ತಬೇಕು ತಾತಾ. ಓದು ಬಲ್ಲ ಸಾಕ್ಷಿ ಒಬ್ಬರು ಸಹಿ ಹಾಕಬೇಕು. ಇಲ್ಲದಿದ್ರೆ ಮ್ಯಾಜಿಸ್ಟ್ರೇಟರು ಒಪ್ಪಲ್ಲ."

"ಗೊಂಡ್ವೆ ಇದಾನಲ್ಲ."

ನ್ಯಾಲೊಂಗ್ವೆ ಯಾರೂ ಹೇಳದೆ ಎದ್ದಳು. ಗೊಂಡ್ವೆಯನ್ನು ಕರೆಯಲು ಹೊರಟಳು. ಅವಳು ಬಾಗಿಲು ತೆಗೆದಾಗ ಗಾಳಿ ಒಳನುಗ್ಗಿ ಮೇಜಿನ ಮೇಲಿನ ಕಾಗದವನ್ನೆಲ್ಲ ಎಬ್ಬಿಸಿತು. ತಾತ ಎರಡೂ ಕೈಯಿಂದ ತನ್ನ ಹೇಳಿಕೆಯನ್ನು ಒತ್ತಿ ಹಿಡಿದ, ಕೋಳಿಮರಿ ಹಿಡಿದ ಹಾಗೆ.

ಎತಿನಾ ಮಸಿಯ ಡಬ್ಬಿ ತೆರೆದಳು. ತಾತ ಹೆಬ್ಬೆರಳನ್ನು ಅದ್ದಿ, ಕಾಗದದ ಬುಡದಲ್ಲಿ ಒತ್ತಿ, ಸರಿಯಾಗಿ ಮೂಡಿತೇ ಎಂದು ಬಾಗಿ ನೋಡಿದ.

"ಸೋಮವಾರ ಅವನು ಮನೆಗೆ ಬರ್ತಾನಲ್ಲ?"

"ಬರ್ತಾನೆ," ಎಂದಳು ಎತಿನಾ.

ಆಗ ಪಡುವಣ ಕಿಟಕಿಯ ಹಲಗೆಯ ಮೇಲಿದ್ದ ಎರಡು ಫೋನೂ ಒಟ್ಟಿಗೆ ಗುಂಯ್‌ಗುಟ್ಟಿದವು.

ದ್ವೀಪದಲ್ಲಿ ಸಿಗ್ನಲ್ ಹಿಡಿಯುವುದು ಆ ಒಂದು ಹಲಗೆಯ ಮೇಲೆ ಮಾತ್ರ. ಅದಕ್ಕೇ ಎಲ್ಲರೂ ಫೋನನ್ನು ಅಲ್ಲೇ ಬಿಟ್ಟಿರುತ್ತಿದ್ದರು. ಒಂದು ಎತಿನಾಳದು, ಇನ್ನೊಂದು ಗೊಂಡ್ವೆಯದು. ಪ್ರಯೋಗಾಲಯದ ಸಂದೇಶಗಳು ಪೊಲೀಸರಿಗೂ ಕೇಂದ್ರಕ್ಕೂ ಒಟ್ಟಿಗೇ ಬರುತ್ತಿದ್ದವು.

ಎತಿನಾ ತನ್ನದನ್ನು ಎತ್ತಿಕೊಂಡಳು. ನಿನ್ನೆ ಬಂದದ್ದು ತಾಯಿಯ ಉತ್ತರ. ಇದು ಮರಿಗಳದು.

ಮರಿಗಳನ್ನು ಕಳಿಸಬೇಕು ಎಂದು ಅವಳು ಅಂದುಕೊಂಡವಳೇ ಅಲ್ಲ. ಮಂಗಳವಾರ ರೆಕ್ಕೆಯ ಚೂರು ತೆಗೆಯುವಾಗ ಮೀನು ಗಾಬರಿಯಾಗಿ ಎರಡು ಮರಿ ಉಗುಳಿತ್ತು. ಅವು ಅವಳ ಅಂಗೈಯಲ್ಲೇ ಸತ್ತವು. ಸಾಯಿಸಿದ್ದು ಸಾಯಿಸಿದೆ, ದಂಡವಾಗದಿರಲಿ ಎಂದು ಅವನ್ನೂ ಸ್ಪಿರಿಟ್ಟಿನ ಕೊಳವೆಗೆ ಹಾಕಿದ್ದಳು. ಪಕ್ಕದಲ್ಲಿ ನಿಂತಿದ್ದ ಗೊಂಡ್ವೆ, ಮರಿ ಯಾಕೆ ಮೇಡಂ, ತಾಯಿಯೊಂದು ಸಾಕು, ಪ್ರಯೋಗಾಲಯದವರಿಗೆ ಸುಮ್ಮನೆ ಕೆಲಸ ಎಂದು ಎರಡು ಸಲ ಹೇಳಿದ್ದ. ಅವಳಿಗೆ ಆಗ ಅದು ಸೌಜನ್ಯದಂತೆ ಕಂಡಿತ್ತು.

ಸಂದೇಶ ಮೂರು ಸಾಲಿನದು. ಎತಿನಾ ಅದನ್ನು ಓದಿದಳು. ಮತ್ತೆ ಓದಿದಳು. ಗಾಜಿನ ತೊಟ್ಟಿಯ ಹತ್ತಿರ ಹೋಗಿ ಮೀನಿನ ಎದುರು ಮೊಣಕಾಲೂರಿ ಕುಳಿತಳು.

ಮರಿಗಳ ತಾಯಿ ಚಿಂಬೊ. ತಂದೆ ಲುಂಡೆ. ಕಳಿಸಿದ ದಿನಕ್ಕೆ ವಯಸ್ಸು, ಮೊಟ್ಟೆಯಿಟ್ಟಲ್ಲಿಂದ, ಏಳು ದಿನಕ್ಕಿಂತ ಹೆಚ್ಚಿಲ್ಲ.

ಬೆರಳು ಮಡಿಸಿದಳು. ಡಾಕ್ಟರು ಸತ್ತದ್ದು ಗುರುವಾರ. ಮರಿ ತೆಗೆದದ್ದು ಹನ್ನೆರಡು ದಿನದ ಮೇಲೆ, ಮಂಗಳವಾರ. ಆಗ ಅವು ಹೆಚ್ಚೆಂದರೆ ಏಳು ದಿನದವು. ಹಾಗಾದರೆ ಮೊಟ್ಟೆ ಇಟ್ಟದ್ದು ಡಾಕ್ಟರು ಸತ್ತು ಐದು ದಿನವಾದರೂ ಆದ ಮೇಲೆ. ಆಗ ಡ್ರಮ್ಮು ಪೊಲೀಸ್ ಮುದ್ರೆ ಹಾಕಿಸಿಕೊಂಡು ಇಲ್ಲಿನ ಕಟ್ಟೆಯ ಕೆಳಗೆ ನೀರಿನಲ್ಲಿ ತೂಗುತ್ತಿತ್ತು. ಒಳಗಿದ್ದದ್ದು ಲುಂಡೆಯ ಮೂರು ಗಂಡು, ಇವಳೊಬ್ಬಳು.

ಚಿಂಬೊದ ಹೆಣ್ಣು ಲುಂಡೆಯ ಗಂಡನ್ನು ಸೇರುವುದಿಲ್ಲ. ತನ್ನ ಕಣ್ಣಿಗೆ ಹಿಡಿಸುವ ಬಣ್ಣವನ್ನೇ ಹುಡುಕುತ್ತದೆ. ಎರಡು ಜಾತಿ ಬೇರೆಯಾಗಿ ಉಳಿದದ್ದೇ ಹಾಗೆ. ಆದರೆ ಬೆಳಕಿಲ್ಲದ ಕಡೆ ಬಣ್ಣವೆಲ್ಲಿ? ನೀರು ಕದಡಿದರೆ ಈ ಮೀನುಗಳ ಬೇಲಿ ಮುರಿಯುತ್ತದೆ ಎಂದು ಡಾಕ್ಟರ್ ಕಲುವಾ ಬರೆದಿಟ್ಟದ್ದನ್ನು ಎತಿನಾ ಅವರ ಪುಸ್ತಕಗಳಲ್ಲಿ ಓದಿದ್ದಳು. ಕಟ್ಟೆಯ ಕೆಳಗೆ, ಮುಚ್ಚಿದ ಡ್ರಮ್ಮಿನ ಕತ್ತಲಲ್ಲಿ, ಹೊರಗೆ ಹೋಗಲು ದಾರಿಯಿಲ್ಲದೆ, ಇವಳು ಪಕ್ಕದಲ್ಲಿದ್ದವನನ್ನೇ ಒಪ್ಪಿಕೊಂಡಿದ್ದಳು.

ಎತಿನಾ ಎದ್ದಳು.

"ತಾತಾ. ಗಂಡುಗಳನ್ನ ತೆಗೀವಾಗ ಇವಳ ಬಾಯಿ ಎಷ್ಟು ತುಂಬಿತ್ತು?"

ತಾತ ಗಂಟಲ ಕೆಳಗೆ ಕೈಯಿಟ್ಟು ತೋರಿಸಿದ. "ಇಷ್ಟು. ಮೊಟ್ಟೆ ಕಾಣೋ ಹಾಗಿತ್ತು."

"ಕಣ್ಣಾರೆ ಕಂಡ್ಯಾ?"

"ಕಣ್ಣಾರೆ ಕಂಡೆ."

"ಅವತ್ತು ಇವಳ ಬಾಯಲ್ಲಿ ಏನೂ ಇರ್ಲಿಲ್ಲ ತಾತಾ."

ತಾತನ ಕೈ ಗಂಟಲಲ್ಲೇ ಉಳಿಯಿತು.

ಅವಳು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಈ ಮರಿಗಳ ಅಪ್ಪ ಲುಂಡೆಯವನು. ಲುಂಡೆಯ ಗಂಡು ಡ್ರಮ್ಮಿಗೆ ಬಂದದ್ದು ಅದಲುಬದಲು ಆದಮೇಲೆ. ಅಪ್ಪ ಬರುವ ಮೊದಲೇ ಬಾಯಿ ತುಂಬುವುದು ಹೇಗೆ? ಅವತ್ತು ಡ್ರಮ್ಮಿಗೆ ಕೈ ಹಾಕಿದವನು ಕಂಡದ್ದು ಒಂದು ಬರಿಬಾಯಿಯ ಹೆಣ್ಣು. ಹೆಣ್ಣುಗಳೆಲ್ಲ ಒಂದೇ ಥರ, ಇದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ಅದನ್ನು ಬಿಟ್ಟಿದ್ದಾನೆ. ಕಟ್ಟಳೆಗಾಗಿ ಬಿಟ್ಟದ್ದಲ್ಲ.

"ನೀನು ಡ್ರಮ್ಮು ಮುಟ್ಟೇ ಇಲ್ಲ. ನಾನು ನಿನ್ನೆ ಊಟಕ್ಕೆ ಕೂತಾಗ ಆಡಿದ ಮಾತನ್ನ ಹಿಡ್ಕೊಂಡು ರಾತ್ರಿಯೆಲ್ಲ ಕತೆ ಕಟ್ಟಿದೀಯ."

ತಾತ ಮಸಿಯ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಉಜ್ಜುತ್ತ ಕುಳಿತಿದ್ದ. ಮಸಿ ಹೋಗಲಿಲ್ಲ, ಎರಡನೇ ಕೈಗೂ ಹತ್ತಿತು.

"ದೋಣಿ ತಗೊಂಡು ಹೋದೋನು ಗೊಂಡ್ವೆ ಅಂತ ಮೊದಲನೇ ದಿನವೇ ಹೇಳ್ದೆ," ಎಂದ ಕೊನೆಗೆ. "ನಿಜಾನೇ ಹೇಳ್ದೆ. ನಿಮ್ಮ ದೊಡ್ಡ ಸಾಹೇಬರು ಏನು ಮಾಡಿದ್ರು? ಅವನಿಗೆ ಕುರ್ಚಿ ಕೊಟ್ರು, ನನ್ನ ನಿಲ್ಲಿಸಿ ಕೇಳಿದ್ರು. ನಾನು ನಿಜ ಹೇಳಿದ್ರೆ ಯಾರೂ ಬರ್ಕೊಳ್ಳಲ್ಲ ನ್ಯಾಚವುಲಾ. ಸುಳ್ಳು ಹೇಳ್ದೆ ನೋಡು, ನೀನು ಎರಡು ಹಾಳೆ ಬರ್ದೆ."

ಮೇಜಿನ ಮೇಲೆ ಆ ಎರಡು ಹಾಳೆಗಳಿದ್ದವು. ಎತಿನಾಳದೇ ಅಕ್ಷರ.

ತಾತ ಮುಖ ಎತ್ತಿದ. ಅವನ ಹುಬ್ಬು ಗಂಟಿಕ್ಕಿತ್ತು. "ಅಲ್ಲ ಮಗಳೇ, ಅವತ್ತು ಬಾಯಿ ಬರಿದಾಗಿತ್ತು ಅಂದ್ರೆ, ತುಂಬಿತ್ತು ಅಂತ ನಿಂಗೆ ಹೇಳಿದ್ದು ಯಾರು?"

ಅವಳು ಕಪಾಟಿನ ಕಡೆ ತಿರುಗಿದಳು.

ಯಾರೂ ಹೇಳಿರಲಿಲ್ಲ. ಅವಳು ಓದಿದ್ದಳು. ಮೊಕದ್ದಮೆ ಅವಳ ಕೈಗೆ ಬಂದದ್ದು ಹತ್ತನೇ ದಿನ. ಮೊದಲ ಸಂಜೆಯ ಮಟ್ಟಿಗೆ ಅವಳಿಗಿದ್ದ ಆಧಾರ ಮೀನುಮನೆಯ ದಿನಚರಿ ಪುಸ್ತಕವೊಂದೇ. ಕಪಾಟಿನಿಂದ ಅದನ್ನು ತೆಗೆದು ಆ ಗುರುವಾರದ ಪುಟ ತಿರುಗಿಸಿದಳು. ಗೊಂಡ್ವೆಯ ದುಂಡು ಅಕ್ಷರ: ಡ್ರಮ್ಮಿನಲ್ಲಿ ಗಂಡು ಮೂರು, ಹೆಣ್ಣು ಒಂದು, ಹೆಣ್ಣಿನ ಬಾಯಿ ತುಂಬಿದೆ.

ಕಿಟಕಿಯ ಬೆಳಕಿಗೆ ಪುಟವನ್ನು ಓರೆ ಹಿಡಿದಳು. ಸಾಲಿನ ಕೊನೆಯ ಮೂರು ಪದಗಳನ್ನು ಅಂಚಿನವರೆಗೆ ಒತ್ತಿ ಒತ್ತಿ ತುಂಬಿಸಿದ್ದ, ಕೊನೆಯ ಅಕ್ಷರ ಗೆರೆ ದಾಟಿ ಕೆಳಗೆ ಬಾಗಿತ್ತು. ಮೊದಲು ಅಲ್ಲಿ ಅಷ್ಟು ಜಾಗ ಬಿಟ್ಟು ಬರೆದದ್ದಲ್ಲ ಅದು. ಆಮೇಲೆ ಯಾವತ್ತೋ ಡ್ರಮ್ಮಿನ ಜಾಲರಿಯಿಂದ ಇಣುಕಿ, ಮೀನಿನ ಬಾಯಿ ಉಬ್ಬಿದ್ದು ಕಂಡು, ಹಿಂದಿನ ತಾರೀಖಿನ ಸಾಲಿಗೆ ಸೇರಿಸಿದ್ದಾನೆ. ಕಟ್ಟಳೆಯ ಮಾತು ಅವಳಿಗೆ ತಾನಾಗಿ ಹೊಳೆದದ್ದಲ್ಲ. ಗೊಂಡ್ವೆ ಅದನ್ನು ಅವಳು ಎಡವುವ ಜಾಗದಲ್ಲೇ ಇಟ್ಟಿದ್ದ. ಹಳೇ ಮುಳುಗಾಳನ್ನು ಅನುಮಾನಿಸಲು ಮುಳುಗಾಳಿನ ಮಗಳೇ ಬೇಕಾಗಿತ್ತು.

ಡ್ರಮ್ಮನ್ನೇ ಮಗುಚಿ ಹಾಕುತ್ತಿದ್ದೆ ಎಂದು ನಕ್ಕದ್ದೂ ಅದಕ್ಕೇ.

ಹೊರಗೆ ಹೆಜ್ಜೆಯ ಸದ್ದಾಯಿತು.

ಬಾಗಿಲು ತೆರೆಯಿತು. ಮುಂದೆ ನ್ಯಾಲೊಂಗ್ವೆ, ಹಿಂದೆ ಗೊಂಡ್ವೆ. ಅವನು ಮುಖದ ಮೇಲಿನ ತುಂತುರನ್ನು ಕರವಸ್ತ್ರದಿಂದ ಒರೆಸಿಕೊಂಡು, ಬಾಗಿಲನ್ನು ಭುಜದಿಂದ ದೂಡಿ ಮುಚ್ಚಿ, ಅಗಳಿ ಹಾಕಿದ. ಗಾಳಿಗೆ ಎಲ್ಲರೂ ಹಾಗೇ ಅಗಳಿ ಹಾಕುತ್ತಿದ್ದರು.

"ಸಾಕ್ಷಿಗೆ ಕರೆದ್ರಂತೆ ಮೇಡಂ," ಎಂದ. ತಾತನ ಕಡೆ ನೋಡಿ ನಿಟ್ಟುಸಿರು ಬಿಟ್ಟ. "ಈ ವಯಸ್ಸಲ್ಲಿ. ನಂಗೆ ನಂಬೋಕೇ ಆಗ್ತಿಲ್ಲ."

ಎತಿನಾ ದಿನಚರಿ ಪುಸ್ತಕವನ್ನು ಮುಚ್ಚಿದಳು. ಆತುರವಾಗಿ ಮುಚ್ಚಿದೆ ಎಂದು ಮುಚ್ಚಿದ ಮೇಲೆ ಅನ್ನಿಸಿತು.

ಗೊಂಡ್ವೆ ಮೊದಲು ಕಿಟಕಿಯ ಹತ್ತಿರ ಹೋದ. ಮೀನುಮನೆಗೆ ಕಾಲಿಟ್ಟವರೆಲ್ಲ ಮೊದಲು ಮಾಡುವುದು ಅದನ್ನೇ. ಫೋನು ತೆಗೆದುಕೊಂಡು ಓದಿದ. ಮೂರು ಸಾಲು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಅವನ ಬೆನ್ನು ಅವಳ ಕಡೆಗಿತ್ತು. ಇಸ್ತ್ರಿ ಮಾಡಿದ ಅಂಗಿಯೊಳಗೆ ಬೆನ್ನು ಒಮ್ಮೆ ಬಿಗಿಯಾಗಿ ಮತ್ತೆ ಸಡಿಲವಾದದ್ದು ಅವಳಿಗೆ ಕಂಡಿತು.

ತಿರುಗಿದಾಗ ಮುಖದಲ್ಲಿ ನಗುವಿತ್ತು. ಫೋನನ್ನು ಕಿಸೆಗೆ ಹಾಕಿಕೊಂಡು ಮೇಜಿನ ಎದುರಿನ ಕುರ್ಚಿ ಎಳೆದು ಕುಳಿತ. ಎದೆಯ ಕಿಸೆಯಿಂದ ಪೆನ್ನು ತೆಗೆದ.

"ಹೆಬ್ಬೆಟ್ಟು ಒತ್ತಿಯಾಗಿದೆ," ಎಂದ ಕಾಗದ ನೋಡುತ್ತ. "ಚೆನ್ನಾಗಿ ಮೂಡಿದೆ."

"ಹೌದು."

"ನಾನು ಇಲ್ಲಿ ಸಹಿ ಹಾಕಿದ್ರೆ ಯೊಟಾಮು ಸೋಮವಾರ ಮನೆಗೆ ಬರ್ತಾನೆ ಮೇಡಂ. ಹಾಕದೆ ಇದ್ರೆ ನೀವು ಮ್ಯಾಜಿಸ್ಟ್ರೇಟರಿಗೆ ಮೀನಿನ ಮರಿಗೆ ಅಪ್ಪ ಯಾರು ಅಂತ ಪಾಠ ಮಾಡ್ಬೇಕು. ಅವರು ಕೇಳೋದರೊಳಗೆ ಅವನು ದೊಡ್ಡ ಜೈಲಲ್ಲಿರ್ತಾನೆ. ಅಲ್ಲಿ ಕೆಮ್ಮೋರನ್ನ ಎಲ್ಲಿ ಮಲಗಿಸ್ತಾರೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು." ಪೆನ್ನಿನ ಮುಚ್ಚಳ ತೆಗೆದ. "ನೀವು ಹೇಳಿದ ಹಾಗೆ ಮಾಡ್ತೀನಿ."

ಅವನು ಒಪ್ಪಿಕೊಂಡಿರಲಿಲ್ಲ. ಹೆದರಿಸಿರಲೂ ಇಲ್ಲ. ಬರೆದುಕೊಳ್ಳುವಂಥ ಒಂದು ಮಾತನ್ನೂ ಆಡಿರಲಿಲ್ಲ.

"ಹಾಕಿಸ್ಕೋ ಮಗಳೇ," ಎಂದ ತಾತ ಮೆಲ್ಲಗೆ. "ನಂಗೆ ಎಪ್ಪತ್ತಾಯ್ತು. ನನ್ನ ಎದೆ ಗಟ್ಟಿಯಿದೆ. ಆ ಜೈಲು ನನ್ನ ಏನೂ ಮಾಡಲ್ಲ."

ಎತಿನಾ ಹೇಳಿಕೆಯ ಮೇಲೆ ಅಂಗೈ ಊರಿದಳು. ಹಾಳೆಯ ಅಡಿಯಲ್ಲಿ ಮೇಜು ಗಾಳಿಗೆ ಅದುರುತ್ತಿತ್ತು. ಹರಿದುಬಿಡಬೇಕು ಅನ್ನಿಸಿತು. ಹರಿದರೆ ಯೊಟಾಮು ಸಾಯುತ್ತಾನೆ. ಬಿಟ್ಟರೆ ಎದುರಿಗೆ ಕುಳಿತವನು ಚಿಂಬೊದ ಮೀನನ್ನೆಲ್ಲ ಬಾಚಿ ಮಾರಿಕೊಂಡು, ಡಾಕ್ಟರ ಕುರ್ಚಿಯಲ್ಲೇ ಮುದುಕನಾಗುತ್ತಾನೆ. ಗೊಂಡ್ವೆಯ ಪೆನ್ನು ಅವಳ ಬೆರಳುಗಳ ತುದಿಯಲ್ಲಿ ನಿಂತು ಕಾಯುತ್ತಿತ್ತು.

ಅವಳ ಮಣಿಕಟ್ಟಿನ ಮೇಲೆ ಇನ್ನೊಂದು ಕೈ ಬಿತ್ತು. ಒರಟಾದ, ಹೊಗೆ ವಾಸನೆಯ, ಒದ್ದೆ ಕೈ. ನ್ಯಾಲೊಂಗ್ವೆ ಯಾವಾಗ ಪಕ್ಕಕ್ಕೆ ಬಂದು ನಿಂತಳೋ ಎತಿನಾಳಿಗೆ ಗೊತ್ತಾಗಿರಲಿಲ್ಲ. ಬಾಗಿಲ ಹೊರಗೆ ಎಷ್ಟು ಕೇಳಿಸಿಕೊಂಡಿದ್ದಳೋ, ಅದೂ ಗೊತ್ತಿರಲಿಲ್ಲ.

ಈಗಲೂ ಅವಳು ಅಣ್ಣನ ಮುಖ ನೋಡಲಿಲ್ಲ. ಸಹಿಗೆ ಕಾದಿದ್ದ ಗೊಂಡ್ವೆಯ ಪೆನ್ನನ್ನೇ ನೋಡುತ್ತಿದ್ದಳು.

"ಕೈ ತೆಗಿ, ನ್ಯಾಚವುಲಾ," ಎಂದಳು.